ಒಂಬತ್ತು ವರ್ಷ, ಒಂದು ಕಾಗದವೂ ಇಲ್ಲ

ಕಾಲೇಜಿನಲ್ಲಿ ಆಟ ಕಲಿಸುವವರು, ಅತಿಥಿ ಉಪನ್ಯಾಸಕರು, ಯೋಗ ಹೇಳಿಕೊಡುವವರು ಆಪ್ತಸಲಹೆಗೆ ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ನಿದ್ದೆ ಬರಲ್ಲ, ಮನೆಯಲ್ಲಿ ಸುಮ್ನೆ ರೇಗ್ತೀನಿ ಎನ್ನುತ್ತಾರೆ. ಕೆದಕುತ್ತಾ ಹೋದರೆ ಹಲವರ ವಿಷಯ ಒಂದೇ. ವರ್ಷಗಟ್ಟಲೆ ದುಡಿದಿದ್ದಾರೆ, ದುಡಿದದ್ದಕ್ಕೆ ಕಾಗದ ಇಲ್ಲ. ಅವರಲ್ಲಿ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ 36 ವರ್ಷ. ಮಂಡ್ಯ ಕಡೆಯವರು. ಮೈಸೂರಿನ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಬೆಳಗಿನ ರೈಲು ಹಿಡಿದು ಬರುತ್ತಾರೆ, ಸಂಜೆಯ ಪ್ರಾಕ್ಟೀಸ್ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ತಿಂಗಳಿಗೆ 15,000 ರೂಪಾಯಿ, ರಜೆ ಬಂದರೆ ಅದೂ ಇಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಭಾಮೈದನ ಗೊಬ್ಬರದ ಅಂಗಡಿ ಇದೆ, ಬಂದು ಸೇರಿಕೊಳ್ಳಿ ಭಾವ ಅಂತ ಆತ ಕರೆಯುತ್ತಲೇ ಇದ್ದಾನೆ. "ಹೋಗಲೋ ಬೇಡವೋ ನೀವೇ ಹೇಳಿ ಮೇಡಂ" ಎನ್ನುತ್ತಲೇ ಕುಳಿತರು.

ಮೊದಲ ಎರಡು ಭೇಟಿಯಲ್ಲಿ ನಾನು ದಾರಿ ತಪ್ಪಿದೆ. ಅಂಗಡಿಯಿಂದ ಏನು ಬರುತ್ತೆ, ಕಾಲೇಜಿನಿಂದ ಏನು ಬರುತ್ತೆ ಅಂತ ಲೆಕ್ಕ ಬರೆಸಿದೆ. ಅವರು ತಲೆಯಾಡಿಸಿ ಹೋದವರು ಒಂದು ತಿಂಗಳು ಬರಲಿಲ್ಲ. ಆ ತಿಂಗಳು ನನಗೂ ಸಮಾಧಾನ ಇರಲಿಲ್ಲ.

ಮತ್ತೆ ಬಂದಾಗ ಕೈಯಲ್ಲಿ ಒಂದು ದಪ್ಪ ಫೈಲ್ ಇತ್ತು. ಒಂದು ಶಾಲೆಯಲ್ಲಿ ಕೋಚ್ ಬೇಕಂತೆ, ಸಂಬಳವೂ ಪರವಾಗಿಲ್ಲವಂತೆ. ಹೋಗಿದ್ದರು. ಅನುಭವ ಪತ್ರ ಕೇಳಿದರಂತೆ. ಇವರ ಫೈಲಿನಲ್ಲಿ ಕಪ್ ಹಿಡಿದ ಹುಡುಗರ ಫೋಟೋ, ಪೇಪರ್ ಕಟಿಂಗ್, ಫುಟ್‌ಬಾಲ್ ಕೋಚ್‌ಗಳ ಆರಂಭದ ಹಂತದ ಡಿ ಲೈಸೆನ್ಸ್ ಸರ್ಟಿಫಿಕೇಟ್ ಇದ್ದವು. ಒಂಬತ್ತು ವರ್ಷ ದುಡಿದ ಕಾಲೇಜಿನಿಂದ ಒಂದು ಸಾಲೂ ಇರಲಿಲ್ಲ.

"ಆಫೀಸಿನಲ್ಲಿ ಕೇಳಿದ್ರಾ?"

"ಹೇಗೆ ಕೇಳೋದು ಮೇಡಂ? ನನ್ನನ್ನ ಕರೆದು ಕೆಲಸ ಕೊಟ್ಟಿದ್ದೇ ಪಿ.ಡಿ. ಸರ್, ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು. ಕಾಗದ ಕೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗಲ್ವಾ? ಇವನು ಬಿಟ್ಟು ಹೋಗ್ತಾನೆ ಅಂತ ಬೇರೆಯವರನ್ನ ಕರೆಸಿಬಿಟ್ಟರೆ?"

ನಾನೇ ಪಿ.ಡಿ. ಸರ್ ಅಂದುಕೊಳ್ಳಿ, ಈಗ ಕೇಳಿ ಅಂದೆ. ಅವರು ಎದ್ದು ನಿಂತರು. ನಿಜವಾಗಿಯೂ ಎದ್ದು, ಕೈ ಕಟ್ಟಿ ನಿಂತರು. "ಸರ್..." ಅಂದರು. ನೀರು ಕುಡಿದರು. ಆಮೇಲೆ ಮಾತು ಸರಾಗವಾಗಿ ಬಂತು. ಗೋಲಿನ ನೆಟ್ ಹರಿದಿದೆ ಸರ್. ಬಾಲ್ ನಾಲ್ಕೇ ಉಳಿದಿವೆ. ಒಬ್ಬ ಹುಡುಗನಿಗೆ ಮಂಡಿ ನೋವು, ಡಾಕ್ಟರಿಗೆ ತೋರಿಸಬೇಕು. ಅಂತರ ಕಾಲೇಜು ಪಂದ್ಯಕ್ಕೆ ಹೋಗಿ ಬರುವ ಬಸ್ ಚಾರ್ಜ್ ಹೋದ ವರ್ಷದ್ದೇ ಬಂದಿಲ್ಲ. ಹೀಗೆ ಹತ್ತು ನಿಮಿಷ. ನಾನು ತಡೆಯಲಿಲ್ಲ. ತಮಗೆ ಬೇಕಾದದ್ದು ಮಾತ್ರ ಬಾಯಿಗೆ ಬರಲಿಲ್ಲ.

"ಹುಡುಗರಿಗೆ ಬೇಕಾದ್ದನ್ನ ಎಷ್ಟು ಚೆನ್ನಾಗಿ ಕೇಳ್ತೀರಿ" ಅಂದೆ.

ಅವರು ಕುಳಿತುಕೊಂಡರು. ತುಂಬ ಹೊತ್ತು ಫೈಲಿನ ದಾರ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಆಮೇಲೆ ಅಂದರು: "ಬಾಲ್ ಕೇಳ್ರೋ, ಬಾಯಿ ಬಿಟ್ಟು ಕೇಳ್ರೋ ಅಂತ ದಿನಾ ಕಿರುಚ್ತೀನಿ ಮೇಡಂ. ಖಾಲಿ ಜಾಗದಲ್ಲಿ ನಿಂತು ಸುಮ್ನಿದ್ರೆ ಯಾರು ಪಾಸ್ ಕೊಡ್ತಾರೆ ಅಂತ." ಕಣ್ಣು ಒರೆಸಿಕೊಂಡರು. ನಾನೇನೂ ಸೇರಿಸಲಿಲ್ಲ. ಆ ದಿನ ಬೇರೆ ಮಾತೂ ಆಡಲಿಲ್ಲ.

ಮುಂದಿನ ವಾರ ಸಲಹೆ ಕೊಟ್ಟೆ. ಮೊದಲು ಬರವಣಿಗೆಯಲ್ಲಿ ಅನುಭವ ಪತ್ರ ಕೇಳಿ. ಮಿಕ್ಕಿದ್ದೆಲ್ಲ ಆಮೇಲೆ. ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, "ಇದು ಆಫೀಸಿನ ಗುಮಾಸ್ತರು ಹೇಳೋ ಮಾತು, ಆಪ್ತಸಲಹೆ ಅಲ್ಲ" ಅಂದರು. ನಾನು ಒಪ್ಪುವುದಿಲ್ಲ. ಈ ಮನುಷ್ಯನ ನಿದ್ದೆ ಕೆಡಿಸಿದ್ದು ಫುಟ್‌ಬಾಲ್ ಅಲ್ಲ, ಅಂಗಡಿಯೂ ಅಲ್ಲ. ತನ್ನ ಪಾಲಿನದನ್ನು ಕೇಳಿದರೆ ಉಂಡ ಮನೆಗೆ ದ್ರೋಹ ಮಾಡಿದ ಹಾಗೆ ಎಂಬ ಭಾವನೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಒಂದು ರಾತ್ರಿ ನಿದ್ದೆ ಬರಬಹುದು. ಆದರೆ ಆ ಒಂದು ಅರ್ಜಿ ಬರೆಯದೆ ಆ ಭಾವನೆ ಸಡಿಲವಾಗುವುದಿಲ್ಲ ಅಂತ ನನಗೆ ಖಚಿತವಾಗಿತ್ತು.

ಎರಡನೆಯ ಮಾತು ಮುಂದಿನ ದಾರಿಯದು. ನಮ್ಮ ಬಹುತೇಕ ಕಾಲೇಜುಗಳಲ್ಲಿ ಫುಟ್‌ಬಾಲ್ ಕೋಚ್ ಅಂತ ಕಾಯಂ ಹುದ್ದೆಯೇ ಇಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಕಬಡ್ಡಿ, ಖೋಖೋ, ವಾಲಿಬಾಲ್, ಓಟ ಎಲ್ಲ ಅವರದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಅದಕ್ಕೆ ಶೇ. 55 ಅಂಕದ ಸ್ನಾತಕೋತ್ತರ ಪದವಿ, ಆಡಿದ ದಾಖಲೆ, ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ಇವರ ಹತ್ತಿರ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಇದೆ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದಾರೆ. ನೆಟ್ ಮಾತ್ರ ಬಾಕಿ. ವಯಸ್ಸು ಮೀರಿತು ಅಂದುಕೊಂಡು ಕೈಬಿಟ್ಟಿದ್ದರು. ನೆಟ್‌ನಲ್ಲಿ ವಯಸ್ಸಿನ ಮಿತಿ ಇರುವುದು ಸಂಶೋಧನೆಯ ಫೆಲೋಶಿಪ್‌ಗೆ, ಅರ್ಹತೆಗಲ್ಲ. ದೇಹದಾರ್ಢ್ಯದ ಪರೀಕ್ಷೆಯೂ ಇದೆ, 30 ದಾಟಿದ, 40 ವರ್ಷದವರೆಗಿನ ಗಂಡಸರು 12 ನಿಮಿಷದಲ್ಲಿ 1500 ಮೀಟರ್ ಮುಗಿಸಬೇಕು. ಅದನ್ನು ಹೇಳಿದಾಗ ಮೊದಲ ಸಲ ನಕ್ಕರು.

ಅವರ ಮನಸ್ಸು ಇದ್ದದ್ದು ಇನ್ನೊಂದು ಏಣಿಯ ಮೇಲೆ. ಡಿ ಆದ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ ಲೈಸೆನ್ಸ್. ಒಂದೊಂದು ಮೆಟ್ಟಿಲಿಗೂ ಫೀಸು, ರಜೆ, ಊರು ಬಿಟ್ಟು ಇರಬೇಕಾದ ದಿನಗಳು. ಭಾರತ ತಂಡಕ್ಕೆ 1951ರಲ್ಲಿ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಹೈದರಾಬಾದಿನ ಕೋಚ್ ರಹೀಮ್ ಸಾಹೇಬರ ಫೋಟೋ ಅವರ ಪರ್ಸಿನಲ್ಲಿತ್ತು. "ಅವರೂ ಮೇಷ್ಟ್ರೇ ಅಲ್ವಾ ಮೇಡಂ?" ಅಂದರು. ಹೌದು, ಮೇಷ್ಟ್ರ ಕೆಲಸವೊಂದು ಕೈಯಲ್ಲಿತ್ತು, ಅದನ್ನೇ ನಾನು ಹೇಳ್ತಿರೋದು ಅಂದೆ. ಈ ವರ್ಷ ನೆಟ್‌ಗೆ ಓದಿ, ಸಿ ಲೈಸೆನ್ಸ್ ಅದರ ಮೇಲೆ. ಅಂಗಡಿ ಕೀಳು ಅಂತ ನಾನು ಹೇಳಲಿಲ್ಲ. ರಜೆಯ ಎರಡು ತಿಂಗಳು ಅಲ್ಲಿ ಕೆಲಸ ಮಾಡಿ ಅಂದೆ. ಹೆಂಡತಿಗೆ ಇದನ್ನೆಲ್ಲ ದುಡ್ಡಿನ ಲೆಕ್ಕದ ಸಮೇತ ಹೇಳಿ ಅಂದೆ.

ಇಂಥ ಕೆಲಸದಲ್ಲಿರುವ ಓದುಗರಿಗೂ ಒಂದು ಮಾತು. ಆದೇಶ ಪತ್ರ ಕೊಡದಿದ್ದರೂ ನಿಮ್ಮ ಕೆಲಸದ ಗುರುತು ಎಲ್ಲಾದರೂ ಇರುತ್ತದೆ. ಪಂದ್ಯಕ್ಕೆ ಕಳಿಸುವ ತಂಡದ ಪಟ್ಟಿಯಲ್ಲಿ ಕೋಚ್ ಹೆಸರು, ಪ್ರಿನ್ಸಿಪಾಲರ ಸಹಿ ಇದ್ದರೆ ಅದರ ಜೆರಾಕ್ಸ್ ಇಟ್ಟುಕೊಳ್ಳಿ. ಸಂಬಳವನ್ನು ಕೈಗೆ ತೆಗೆದುಕೊಳ್ಳಬೇಡಿ, ಪಾಸ್‌ಬುಕ್ಕಿಗೆ ಹಾಕಿಸಿ. ಪ್ರತಿ ವರ್ಷದ ಕೊನೆಗೆ ಆ ವರ್ಷದ್ದೊಂದು ಪತ್ರ ಕೇಳಿ. ಒಂದು ವರ್ಷದ್ದು ಕೇಳುವುದು ಒಂಬತ್ತು ವರ್ಷದ್ದು ಕೇಳುವುದಕ್ಕಿಂತ ಸುಲಭ.

ಅವರು ಅರ್ಜಿ ಕೊಟ್ಟರು. ಮೂರು ಸಲ ನಾಳೆ ಬಾ ಅನ್ನಿಸಿಕೊಂಡರು. ಪಿ.ಡಿ. ಸರ್ ಬೇಜಾರೇನೂ ಮಾಡಿಕೊಳ್ಳಲಿಲ್ಲವಂತೆ, "ಮೊದಲೇ ಕೇಳೋದಲ್ವೇನಯ್ಯಾ" ಅಂದರಂತೆ. ಕೊನೆಗೆ ಪತ್ರ ಬಂತು, ಆರು ವರ್ಷಕ್ಕೆ ಮಾತ್ರ. ಮೊದಲ ಮೂರು ವರ್ಷದ ಸಂಬಳದ ವೋಚರ್ ಸಿಗಲಿಲ್ಲವಂತೆ. ನನಗೆ ಸಂಕಟವಾಯಿತು. ಅವರು ಫೈಲ್ ತೆರೆದು ಇನ್ನೊಂದು ಹಾಳೆ ತೋರಿಸಿದರು. ಆ ಮೂರು ವರ್ಷದ ತಂಡದ ಪಟ್ಟಿಗಳನ್ನು ಹುಡುಕಿ, ಲಗತ್ತಿಸಿ, ಆಗಲೇ ಎರಡನೆಯ ಅರ್ಜಿ ಬರೆದಿದ್ದರು.