‘ಆಲ್ವೇಸ್’ ಎಲ್ಲಿ ಕೂರಬೇಕು? ಇಂಗ್ಲಿಷ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ರಾಜಾಜಿನಗರದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಚೆಗೆ ನಾನು ಬರೆದ ಇ-ಮೇಲ್‌ನಲ್ಲಿದ್ದ ‘ಆಲ್ವೇಸ್ ಐ ಚೆಕ್ ದ ಬಿಲ್ಸ್’ ಎಂಬ ವಾಕ್ಯವನ್ನು ಮೇಲಧಿಕಾರಿಯವರು ‘ಐ ಆಲ್ವೇಸ್ ಚೆಕ್ ದ ಬಿಲ್ಸ್’ ಎಂದೂ, ‘ಐ ಆಮ್ ಆಲ್ವೇಸ್ ಸೆಂಡಿಂಗ್ ದ ರಿಪೋರ್ಟ್ ಆನ್ ಫ್ರೈಡೇ’ ಎಂಬುದನ್ನು ‘ಐ ಆಲ್ವೇಸ್ ಸೆಂಡ್ ದ ರಿಪೋರ್ಟ್ ಆನ್ ಫ್ರೈಡೇ’ ಎಂದೂ ತಿದ್ದಿದರು. ಆದರೆ ಅದೇ ಪತ್ರದಲ್ಲಿದ್ದ ‘ದ ಸರ್ವರ್ ಈಸ್ ಆಲ್ವೇಸ್ ಸ್ಲೋ’ ಎಂಬುದನ್ನು ಹಾಗೆಯೇ ಬಿಟ್ಟರು. ಒಂದು ಕಡೆ ಕ್ರಿಯಾಪದಕ್ಕಿಂತ ಮುಂಚೆ, ಇನ್ನೊಂದು ಕಡೆ ಕ್ರಿಯಾಪದದ ಆಚೆ. ನೆನಪಿಡಬಹುದಾದ ನಿಯಮವೇನಾದರೂ ಇದೆಯೇ?

ಉತ್ತರ: ನಿಮ್ಮ ಮೇಲಧಿಕಾರಿಯವರು ತಿದ್ದಿದ್ದೂ ಸರಿ, ತಿದ್ದದೆ ಬಿಟ್ಟದ್ದೂ ಸರಿ. ಕೆಲಸವೊಂದು ಎಷ್ಟು ಸಲ ನಡೆಯುತ್ತದೆ ಎಂಬುದನ್ನು ತಿಳಿಸುವ ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್ ಮೊದಲಾದ ಕ್ರಿಯಾವಿಶೇಷಣಗಳ ಸ್ಥಾನದ ಬಗ್ಗೆ ವ್ಯಾಕರಣ ಪುಸ್ತಕಗಳು ಸಾಮಾನ್ಯವಾಗಿ ಮೂರು ಸೂತ್ರಗಳನ್ನು ಕೊಡುತ್ತವೆ: ಮುಖ್ಯ ಕ್ರಿಯಾಪದಕ್ಕಿಂತ ಮುಂಚೆ, ಆಮ್, ಈಸ್, ಆರ್‌ಗಳ ನಂತರ, ಸಹಾಯಕ ಕ್ರಿಯಾಪದವಿದ್ದರೆ ಅದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ. ಮೂರೂ ನಿಜವೇ. ಆದರೆ ಮಾತನಾಡುವ ಭರದಲ್ಲಿ ಮೂರು ಸೂತ್ರಗಳನ್ನು ನೆನೆದು ಒಂದನ್ನು ಆರಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ನಾನು ನನ್ನ ವಿದ್ಯಾರ್ಥಿಗಳಿಗೆ ಒಂದೇ ಒಂದು ಪರೀಕ್ಷೆಯನ್ನು ಹೇಳಿಕೊಡುತ್ತೇನೆ. ನಿಮ್ಮ ವಾಕ್ಯವನ್ನು ಮನಸ್ಸಿನಲ್ಲೇ ನಿಷೇಧಕ್ಕೆ ತಿರುಗಿಸಿ, ‘ನಾಟ್’ ಎಲ್ಲಿ ಕೂರುತ್ತದೆ ಎಂದು ನೋಡಿ. ಆ ಜಾಗವೇ ‘ಆಲ್ವೇಸ್’ನ ಜಾಗ.

‘ದ ಸರ್ವರ್ ಈಸ್ ನಾಟ್ ಸ್ಲೋ’ ಎಂದು ಹೇಳುತ್ತೇವೆ, ಹಾಗಾಗಿ ‘ದ ಸರ್ವರ್ ಈಸ್ ಆಲ್ವೇಸ್ ಸ್ಲೋ’. ‘ಐ ಡು ನಾಟ್ ಚೆಕ್’ ಎಂದು ಹೇಳುತ್ತೇವೆ. ಇಲ್ಲಿ ‘ಡು’ ಬಂದದ್ದು ನಿಷೇಧದ ಸಲುವಾಗಿ ಮಾತ್ರ, ನಿಷೇಧ ಹೋದರೆ ಅದೂ ಹೋಗುತ್ತದೆ, ಉಳಿದ ಜಾಗದಲ್ಲಿ ‘ಐ ಆಲ್ವೇಸ್ ಚೆಕ್’ ನಿಲ್ಲುತ್ತದೆ. ಸಹಾಯಕ ಕ್ರಿಯಾಪದಗಳು ಎರಡಿದ್ದಾಗ ಯಾವುದರ ಪಕ್ಕ ಎಂಬ ಗೊಂದಲವೂ ಇದರಿಂದಲೇ ಬಗೆಹರಿಯುತ್ತದೆ: ‘ದ ಬಿಲ್ಸ್ ಹ್ಯಾವ್ ನಾಟ್ ಬೀನ್ ಚೆಕ್ಡ್’ ಎನ್ನುವುದರಿಂದ ‘ದ ಬಿಲ್ಸ್ ಹ್ಯಾವ್ ಆಲ್ವೇಸ್ ಬೀನ್ ಚೆಕ್ಡ್’.

ಮೂರು ಸೂತ್ರಗಳಿಗಿಂತ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಕ್ಕೆ ಕಾರಣ ‘ಹ್ಯಾವ್’ ಎಂಬ ಪದ. ‘ಹ್ಯಾವ್’ ಸಹಾಯಕ ಕ್ರಿಯಾಪದವೆಂದು ಬಾಯಿಪಾಠ ಮಾಡಿದವರು ‘ಐ ಹ್ಯಾವ್ ಆಫನ್ ಟು ವೇಟ್ ಅಟ್ ಸಿಲ್ಕ್ ಬೋರ್ಡ್’ ಎಂದು ಬರೆಯುತ್ತಾರೆ. ಸೂತ್ರವನ್ನು ಅವರು ಪಾಲಿಸಿದ್ದಾರೆ, ಆದರೂ ವಾಕ್ಯ ಇಂದಿನ ಇಂಗ್ಲಿಷ್‌ಗೆ ಒಗ್ಗುವುದಿಲ್ಲ. ನಿಷೇಧಕ್ಕೆ ತಿರುಗಿಸಿದರೆ ‘ಐ ಡು ನಾಟ್ ಹ್ಯಾವ್ ಟು ವೇಟ್’ ಎಂದಾಗುತ್ತದೆಯಲ್ಲವೇ? ‘ನಾಟ್’ ಇರುವುದು ‘ಹ್ಯಾವ್’ಗಿಂತ ಮುಂಚೆ. ಆದ್ದರಿಂದ ‘ಐ ಆಫನ್ ಹ್ಯಾವ್ ಟು ವೇಟ್ ಅಟ್ ಸಿಲ್ಕ್ ಬೋರ್ಡ್’ ಎಂಬುದೇ ಸರಿ. ‘ಐ ಯೂಶುವಲಿ ಹ್ಯಾವ್ ಇಡ್ಲಿ ಫಾರ್ ಬ್ರೇಕ್‌ಫಾಸ್ಟ್’ ಎಂಬಲ್ಲಿಯೂ ಇದೇ ತರ್ಕ.

ಇನ್ನು ‘ಆಲ್ವೇಸ್’ ಅನ್ನು ವಾಕ್ಯದ ಮೊದಲಿಗೆ ತಂದ ವಿಷಯ. ಇದು ಬೆಂಗಳೂರಿನ ಕಚೇರಿಗಳಲ್ಲಿ ಬಹಳ ಸಾಮಾನ್ಯವಾಗಿ ಕೇಳಿಬರುವ ಪ್ರಯೋಗ, ಇದರ ಬೇರು ನಮ್ಮ ನುಡಿಯಲ್ಲಿಯೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಭದ್ರವಾಗಿ ನಿಲ್ಲುವುದರಿಂದ ಅದರ ಹಿಂದಿನ ಪದಗಳು ಬೇಕಾದಂತೆ ಜಾಗ ಬದಲಿಸಬಹುದು. ‘ಯಾವಾಗಲೂ ನಾನು ಬಿಲ್ ನೋಡುತ್ತೇನೆ’, ‘ನಾನು ಯಾವಾಗಲೂ ಬಿಲ್ ನೋಡುತ್ತೇನೆ’, ‘ಬಿಲ್ ನಾನು ಯಾವಾಗಲೂ ನೋಡುತ್ತೇನೆ’ ಎಂಬ ಮೂರೂ ಶುದ್ಧ ಕನ್ನಡವೇ, ಬದಲಾಗುವುದು ಒತ್ತು ಮಾತ್ರ. ಇಂಗ್ಲಿಷ್‌ನಲ್ಲಿ ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಬಹುಮಟ್ಟಿಗೆ ಪದಗಳ ಸ್ಥಾನವೇ ತಿಳಿಸುವುದರಿಂದ ಅಷ್ಟು ಸಡಿಲ ಅಲ್ಲಿಲ್ಲ. ಸಮ್‌ಟೈಮ್ಸ್, ಯೂಶುವಲಿ, ಆಕೇಶನಲಿ ಎಂಬವು ವಾಕ್ಯದ ಮೊದಲಲ್ಲಿ ಬರಬಹುದು. ಆಲ್ವೇಸ್ ಹಾಗೆ ಬರುವುದು ‘ಆಲ್ವೇಸ್ ಚೆಕ್ ದ ಬಿಲ್ಸ್’ ಎಂಬಂಥ ಆಜ್ಞಾರ್ಥಕ ವಾಕ್ಯದಲ್ಲಿ, ಏಕೆಂದರೆ ಅಲ್ಲಿ ಕರ್ತೃಪದವೇ ಇರುವುದಿಲ್ಲ. ನೆವರ್, ರೇರ್ಲಿ, ಸೆಲ್ಡಮ್‌ಗಳನ್ನು ಮೊದಲಿಗೆ ತಂದರೆ ಮುಂದಿನ ಪದಕ್ರಮವನ್ನು ಪ್ರಶ್ನೆಯಂತೆ ತಿರುಗಿಸಲೇಬೇಕು: ‘ರೇರ್ಲಿ ಡಸ್ ದ ಬಸ್ ಕಮ್ ಆನ್ ಟೈಮ್’. ಇದು ಭಾಷಣದ, ಗ್ರಂಥದ ಶೈಲಿ. ದಿನನಿತ್ಯದ ಇ-ಮೇಲ್‌ಗೆ ಬೇಡ.

ನಿಮ್ಮ ಎರಡನೆಯ ವಾಕ್ಯದಲ್ಲಿ ‘ಆಲ್ವೇಸ್’ನ ಸ್ಥಾನ ತಪ್ಪಿಲ್ಲ. ತಪ್ಪಿರುವುದು ಕ್ರಿಯಾಪದದ ರೂಪ. ವಾರವಾರವೂ ನಡೆಯುವ ಕೆಲಸಕ್ಕೆ ಇಂಗ್ಲಿಷ್ ಸಾಮಾನ್ಯ ವರ್ತಮಾನವನ್ನು ಬಳಸುತ್ತದೆ, ನಾವು ‘ಕಳಿಸುತ್ತಲೇ ಇರುತ್ತೇನೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಆಮ್ ಸೆಂಡಿಂಗ್’ ಎನ್ನುತ್ತೇವೆ. ಆಲ್ವೇಸ್ ಜೊತೆಗೆ ಈ ‘ಇಂಗ್’ ರೂಪ ಸೇರಿದಾಗ ಇಂಗ್ಲಿಷ್ ಕಿವಿಗೆ ಅನೇಕ ವೇಳೆ ಬೇಸರದ ಧ್ವನಿ ಕೇಳಿಸುತ್ತದೆ. ‘ಹಿ ಈಸ್ ಆಲ್ವೇಸ್ ಕಾಲಿಂಗ್ ಮಿ ಅಟ್ ಡಿನ್ನರ್’ ಎಂದರೆ ‘ಊಟಕ್ಕೆ ಕೂತಾಗಲೆಲ್ಲ ಫೋನ್ ಮಾಡಿ ಪ್ರಾಣ ತಿನ್ನುತ್ತಾನೆ’ ಎಂಬ ಅರ್ಥ. ನಿಮ್ಮ ಶ್ರದ್ಧೆಯನ್ನು ತಿಳಿಸಲು ಹೊರಟ ವಾಕ್ಯ ದೂರಿನಂತೆ ಕೇಳಿಸಬಾರದೆಂದೇ ಅವರು ಅದನ್ನು ತಿದ್ದಿರಬೇಕು.

ಪರೀಕ್ಷೆಗೆ ಒಂದು ಅಪವಾದವನ್ನು ಹೇಳದೆ ಬಿಡುವುದು ಸರಿಯಲ್ಲ. ಚುಟುಕಾದ ಉತ್ತರಗಳಲ್ಲಿ ಕ್ರಿಯಾವಿಶೇಷಣ ಮುಂದಕ್ಕೆ ಬರುತ್ತದೆ. ‘ಆರ್ ಯು ಫ್ರೀ ಆನ್ ಸಂಡೇಸ್?’ ಎಂದು ಕೇಳಿದರೆ ‘ಐ ಯೂಶುವಲಿ ಆಮ್’ ಎನ್ನಬೇಕೇ ಹೊರತು ‘ಐ ಆಮ್ ಯೂಶುವಲಿ’ ಎಂದು ನಿಲ್ಲಿಸುವಂತಿಲ್ಲ.

ಪ್ರಶ್ನೆ: ಏಳನೇ ತರಗತಿಯಲ್ಲಿ ಓದುವ ನನ್ನ ಮಗಳು ‘ಅವನು ಯಾವತ್ತೂ ಸುಳ್ಳು ಹೇಳುವುದಿಲ್ಲ’ ಎಂಬುದನ್ನು ‘ಹಿ ನೆವರ್ ಡಸಂಟ್ ಟೆಲ್ ಲೈಸ್’ ಎಂದು ಬರೆದಳು. ಶಾಲೆಯಲ್ಲಿ ಅಂಕ ಕಳೆದರು. ಒಂದೊಂದು ಪದವನ್ನೂ ಸರಿಯಾಗಿಯೇ ಅನುವಾದಿಸಿದ್ದೇನಲ್ಲ ಎಂದು ಅವಳು ಕೇಳುತ್ತಾಳೆ. ಹೇಗೆ ಬಿಡಿಸಿ ಹೇಳಲಿ? ಯಶವಂತಪುರದ ತಾಯಿ.

ಉತ್ತರ: ನಿಮ್ಮ ಮಗಳ ತಕರಾರಿನಲ್ಲಿ ಹುರುಳಿದೆ ತಾಯಿ. ಅವಳು ಕನ್ನಡದ ವಾಕ್ಯವನ್ನು ಪ್ರಾಮಾಣಿಕವಾಗಿ ಓದಿದ್ದಾಳೆ ಎಂದು ಮೊದಲು ಅವಳಿಗೆ ಹೇಳಿ. ತೊಡಕು ಇರುವುದು ‘ಯಾವತ್ತೂ’ ಎಂಬ ನಮ್ಮ ಪದ ‘ನೆವರ್’ ಅಲ್ಲ ಎಂಬಲ್ಲಿ.

‘ಯಾವತ್ತೂ ಅವನು ತಡವಾಗಿಯೇ ಬರುತ್ತಾನೆ’ ಎಂದಾಗ ಆ ಪದದ ಅರ್ಥ ಆಲ್ವೇಸ್. ‘ಯಾವತ್ತೂ ಅವನು ತಡವಾಗಿ ಬರುವುದಿಲ್ಲ’ ಎಂದಾಗ ಅರ್ಥ ನೆವರ್. ಪದ ಅದೇ. ಬದಲಾದದ್ದು ಕೊನೆಯ ‘ಇಲ್ಲ’. ಪ್ರಶ್ನಾರ್ಥಕ ಪದಕ್ಕೆ ‘ಊ’ ಸೇರಿದಾಗ ಕನ್ನಡದಲ್ಲಿ ನಡೆಯುವುದೇ ಹೀಗೆ: ಯಾರೂ, ಏನೂ, ಎಲ್ಲಿಯೂ, ಯಾವತ್ತೂ ಎಂಬವುಗಳಲ್ಲಿ ತಮ್ಮಷ್ಟಕ್ಕೆ ನಿಷೇಧವಿಲ್ಲ, ವಾಕ್ಯದ ಕೊನೆಯಲ್ಲಿ ಬರುವ ಇಲ್ಲ, ಅಲ್ಲ, ಬೇಡಗಳೇ ಆ ಹೊಣೆಯನ್ನು ಹೊರುತ್ತವೆ. ಇಂಗ್ಲಿಷ್ ಆ ಹೊಣೆಯನ್ನು ಮೊದಲ ಪದಕ್ಕೇ ಒಪ್ಪಿಸಿಬಿಡುತ್ತದೆ. ನೋಬಡಿ, ನಥಿಂಗ್, ನೋವೇರ್, ನೆವರ್ ಎಂಬ ನಾಲ್ಕೂ ‘ಇಲ್ಲ’ವನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದಿವೆ. ಆದ್ದರಿಂದ ‘ನೆವರ್’ ಎಂಬುದು ‘ಯಾವತ್ತೂ’ ಮತ್ತು ‘ಇಲ್ಲ’ ಎರಡೂ ಸೇರಿದ ಒಂದೇ ಪದ. ಅದರ ಜೊತೆಗೆ ‘ಡಸಂಟ್’ ಬರೆದರೆ ‘ಇಲ್ಲ’ವನ್ನು ಎರಡು ಸಲ ಹೇಳಿದಂತಾಗುತ್ತದೆ. ‘ಹಿ ನೆವರ್ ಟೆಲ್ಸ್ ಲೈಸ್’ ಎಂದಷ್ಟೇ ಬರೆಯಲಿ. ‘ಡಸಂಟ್’ ಉಳಿಸಿಕೊಳ್ಳಲೇಬೇಕೆಂದಿದ್ದರೆ ‘ಹಿ ಡಸಂಟ್ ಎವರ್ ಟೆಲ್ ಲೈಸ್’ ಎನ್ನಬಹುದು. ನೋಡಿ, ಆ ‘ಎವರ್’ ನಮ್ಮ ‘ಯಾವತ್ತೂ’ಗೆ ನೆವರ್‌ಗಿಂತ ಎಷ್ಟೋ ಹತ್ತಿರದ ನೆಂಟ. ರೇರ್ಲಿ, ಸೆಲ್ಡಮ್, ಹಾರ್ಡ್ಲಿ ಎವರ್‌ಗಳಲ್ಲಿಯೂ ನಿಷೇಧದ ಅಂಶ ಸೇರಿದೆ, ಅವುಗಳ ಜೊತೆಗೂ ‘ನಾಟ್’ ಬೇಡ.

ಇಲ್ಲಿಯೇ ದೊಡ್ಡವರೂ ಎಡವುವ ಒಂದು ಜಾಗವಿದೆ. ಬಾಡಿಗೆಗೆ ಇರುವವರು ಮನೆಯ ಮಾಲೀಕರಿಗೆ ‘ಬೆಳಿಗ್ಗೆ ಯಾವಾಗಲೂ ಕಾವೇರಿ ನೀರು ಬರುವುದಿಲ್ಲ’ ಎಂದು ಬರೆದರೆ ಅದಕ್ಕೆ ಎರಡು ಅರ್ಥ ಸಾಧ್ಯ. ಬೆಳಗಿನ ಹೊತ್ತು ನೀರು ಬರುವುದೇ ಇಲ್ಲ ಎಂಬುದು ಒಂದು, ಕೆಲವು ದಿನ ಬರುತ್ತದೆ, ಎಲ್ಲ ದಿನವೂ ಬರುವುದಿಲ್ಲ ಎಂಬುದು ಇನ್ನೊಂದು. ಎದುರಿಗೆ ನಿಂತು ಮಾತನಾಡುವಾಗ ‘ಯಾವಾಗ್ಲೂ ಏನ್ ಬರಲ್ಲ’ ಎಂದು ರಾಗ ಎಳೆದು ಎರಡನೆಯ ಅರ್ಥವನ್ನು ತಿಳಿಸುತ್ತೇವೆ, ಬರಹದಲ್ಲಿ ಆ ರಾಗ ಸಿಗುವುದಿಲ್ಲ. ಇಂಗ್ಲಿಷ್ ಇವೆರಡನ್ನೂ ಬೇರೆ ಬೇರೆ ಪದಗಳಿಂದ ಹೇಳುತ್ತದೆ. ಮೊದಲನೆಯದಕ್ಕೆ ‘ಕಾವೇರಿ ವಾಟರ್ ನೆವರ್ ಕಮ್ಸ್ ಇನ್ ದ ಮಾರ್ನಿಂಗ್’, ಎರಡನೆಯದಕ್ಕೆ ‘ಕಾವೇರಿ ವಾಟರ್ ಡಸಂಟ್ ಆಲ್ವೇಸ್ ಕಮ್ ಇನ್ ದ ಮಾರ್ನಿಂಗ್’. ನಿಷೇಧ ವಾಕ್ಯದಲ್ಲಿ ಆಲ್ವೇಸ್ ‘ನಾಟ್’ನ ನಂತರ ನಿಂತಿರುವುದನ್ನು ಗಮನಿಸಿ. ಸಮ್‌ಟೈಮ್ಸ್ ಮಾತ್ರ ಇದಕ್ಕೆ ವಿರುದ್ಧ, ಅದು ‘ನಾಟ್’ಗಿಂತ ಮುಂಚೆಯೇ ನಿಲ್ಲುತ್ತದೆ: ‘ವಿ ಸಮ್‌ಟೈಮ್ಸ್ ಡೋಂಟ್ ಗೆಟ್ ವಾಟರ್’. ನೀರಿನ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯ ವಾಕ್ಯವನ್ನು ಓದಿದ ಮಾಲೀಕರು ಪ್ಲಂಬರ್‌ನನ್ನು ಕರೆಸಬಹುದು, ಎರಡನೆಯದನ್ನು ಓದಿದವರು ನೀರು ಬಿಡುವ ವೇಳೆಯನ್ನು ವಿಚಾರಿಸಬಹುದು.

ಪ್ರಶ್ನೆ: ‘ದಿನ ಬಿಟ್ಟು ದಿನ’, ‘ವಾರಕ್ಕೆರಡು ಸಲ’ ಎಂಬುವನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳಬೇಕು? ‘ಐ ಡೈಲಿ ಗೋ’ ಎನ್ನಬಹುದೇ? ಜಯನಗರದ ವಿದ್ಯಾರ್ಥಿ.

ಉತ್ತರ: ಹೀಗೆ ನಿಖರವಾಗಿ ಎಣಿಸಿ ಹೇಳುವ ಪದಗಳಿಗೆ ಮೇಲಿನ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳ ಸಹಜ ಸ್ಥಾನ ವಾಕ್ಯದ ಕೊನೆ. ‘ಐ ಡೈಲಿ ಗೋ’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ‘ಐ ಗೋ ಟು ದ ಲೈಬ್ರರಿ ಎವ್ರಿ ಡೇ’ ಎಂದು ಬರೆಯಿರಿ. ವಾರಕ್ಕೆರಡು ಸಲ ಎಂಬುದು ‘ಟ್ವೈಸ್ ಎ ವೀಕ್’. ನಮ್ಮ ‘ಕ್ಕೆ’ ಪ್ರತ್ಯಯದ ಕೆಲಸವನ್ನು ಅಲ್ಲಿ ‘ಎ’ ಮಾಡುತ್ತದೆ, ನಡುವೆ ‘ಇನ್’ ಬೇಕಾಗಿಲ್ಲ. ಮೂರು ಸಲಕ್ಕೆ ನಾವು ‘ಥ್ರೈಸ್’ ಎನ್ನುತ್ತೇವೆ. ಬ್ರಿಟನ್ ಮತ್ತು ಅಮೆರಿಕದವರಿಗೆ ಅದು ಹಳೆಯ ಕಾಲದ ಪದದಂತೆ ಕೇಳಿಸುವುದರಿಂದ ಅವರು ‘ತ್ರೀ ಟೈಮ್ಸ್’ ಎನ್ನುತ್ತಾರೆ. ದಿನ ಬಿಟ್ಟು ದಿನ ಎಂಬುದಕ್ಕೆ ‘ಎವ್ರಿ ಅದರ್ ಡೇ’ ಅಥವಾ ‘ಆನ್ ಆಲ್ಟರ್ನೇಟ್ ಡೇಸ್’. ‘ಬೈವೀಕ್ಲಿ’ ಎಂಬ ಪದವನ್ನು ಬಳಸದಿರುವುದೇ ಕ್ಷೇಮ, ಏಕೆಂದರೆ ಅದಕ್ಕೆ ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ ಎಂಬ ಎರಡೂ ಅರ್ಥಗಳಿವೆ.

ಪ್ರಶ್ನೆ: ‘ಆಫನ್’ ಸರಿಯೋ ‘ಆಫ್ಟನ್’ ಸರಿಯೋ?

ಉತ್ತರ: ಎರಡೂ ಸರಿ. ನಿಘಂಟುಗಳು ಎರಡು ಉಚ್ಚಾರಣೆಗಳನ್ನೂ ಕೊಡುತ್ತವೆ.

ಪ್ರಶ್ನೆ: ನಾನು ಕ್ಯಾಬ್ ಚಾಲಕ. ಹೊರರಾಜ್ಯದ ಪ್ರಯಾಣಿಕರೊಬ್ಬರಿಗೆ ‘ಐ ಯೂಸ್ಡ್ ಟು ಕಮ್ ದಿಸ್ ಸೈಡ್ ಡೈಲಿ’ ಎಂದೆ. ‘ಮತ್ತೆ ಈಗೇಕೆ ಬರುವುದಿಲ್ಲ’ ಎಂದು ಅವರು ಕೇಳಿದರು. ನಾನು ಹೇಳಿದ್ದು ದಿನಾ ಬರುತ್ತೇನೆ ಎಂದಲ್ಲವೇ? ಬನಶಂಕರಿಯಿಂದ.

ಉತ್ತರ: ನೀವು ಹೇಳಬೇಕೆಂದಿದ್ದದ್ದು ಅದೇ, ಅವರಿಗೆ ಕೇಳಿಸಿದ್ದು ಬೇರೆ. ‘ಯೂಸ್ಡ್ ಟು’ ಎಂಬುದು ಹಿಂದೆ ಇದ್ದು ಈಗ ನಿಂತುಹೋದ ರೂಢಿಯನ್ನು ಸೂಚಿಸುತ್ತದೆ. ಈ ಪ್ರಯೋಗವನ್ನು ಈಗಿನ ರೂಢಿಗೂ ಹೇಳುವವರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಅವರಲ್ಲಿ ಸೇರಿದ್ದಾರೆ, ಆದ್ದರಿಂದ ನೀವು ಸಂಕೋಚಪಡಬೇಕಾಗಿಲ್ಲ.

ಕನ್ನಡದಲ್ಲಿ ಈ ಭೇದ ನಿಮಗೆ ಆಗಲೇ ಚೆನ್ನಾಗಿ ಗೊತ್ತಿದೆ. ‘ಈ ಕಡೆ ಬರ್ತಾ ಇದ್ದೆ’ ಎಂದರೆ ಹಿಂದಿನ ಮಾತು, ‘ಈ ಕಡೆ ಬರ್ತಾ ಇರ್ತೀನಿ’ ಎಂದರೆ ಈಗಿನ ಮಾತು. ಬಾಯಿಗೆ ಬರುವ ಕನ್ನಡ ‘ಇದ್ದೆ’ ಎಂದು ಮುಗಿದರೆ ಯೂಸ್ಡ್ ಟು, ‘ಇರ್ತೀನಿ’ ಎಂದು ಮುಗಿದರೆ ಯೂಶುವಲಿ ಅಥವಾ ಆಫನ್. ಮೊದಲು ಮೆಜೆಸ್ಟಿಕ್ ಕಡೆ ಓಡಿಸುತ್ತಿದ್ದು ಈಗ ವೈಟ್‌ಫೀಲ್ಡ್ ಕಡೆ ಓಡಿಸುತ್ತಿದ್ದರೆ ‘ಐ ಯೂಸ್ಡ್ ಟು ಡ್ರೈವ್ ಇನ್ ಮೆಜೆಸ್ಟಿಕ್, ನೌ ಐ ಯೂಶುವಲಿ ಡ್ರೈವ್ ಇನ್ ವೈಟ್‌ಫೀಲ್ಡ್’ ಎನ್ನಿ. ‘ಯೂಶುವಲಿ’ ಇಲ್ಲಿ ಎಲ್ಲಿ ಕೂತಿದೆ ನೋಡಿ: ‘ಐ ಡು ನಾಟ್ ಡ್ರೈವ್’ ಎಂಬಲ್ಲಿ ‘ನಾಟ್’ ಇರುವ ಜಾಗದಲ್ಲಿಯೇ. ಆ ಪ್ರಯಾಣಿಕರು ಮತ್ತೊಮ್ಮೆ ನಿಮ್ಮ ಕಾರು ಹತ್ತಿದರೆ ‘ಐ ಕಮ್ ದಿಸ್ ಸೈಡ್ ಎವ್ರಿ ಡೇ’ ಎಂದರೆ ಸಾಕು.