ಓಎಲ್‌ಇಡಿ ಪರದೆಯಲ್ಲಿ ನೀಲಿಯೇ ಯಾಕೆ ಮೊದಲು ಸೋಲುತ್ತದೆ?

ಪ್ರಶ್ನೆ: ನನ್ನ ಫೋನಿನದು ಓಎಲ್‌ಇಡಿ ಪರದೆ. ಕೆಲವು ವರ್ಷ ಬಳಸಿದ ಮೇಲೆ ಬಿಳಿ ಬಣ್ಣ ಯಾಕೋ ಹಳದಿಗೆ ತಿರುಗಿದ ಹಾಗೆ ಕಾಣುತ್ತಿದೆ. ನೀಲಿ ಬೇಗ ಸವೆಯುತ್ತದೆ, ಅದಕ್ಕೆ ಎಕ್ಸಿಟಾನ್ ಕಾರಣ ಎಂದು ಎಲ್ಲೋ ಓದಿದೆ. ಎಕ್ಸಿಟಾನ್ ಬೆಳಕು ಕೊಡುವಂಥದ್ದು ಅಲ್ವಾ? ಅದೇ ಪರದೆಯನ್ನು ಹಾಳು ಮಾಡುವುದು ಹೇಗೆ?

ಉತ್ತರ: ನೀವು ಓದಿದ್ದು ಸರಿ. ಬೆಳಕು ಕೊಡುವುದೂ ಎಕ್ಸಿಟಾನ್, ಪರದೆ ಸವೆಸುವುದರಲ್ಲಿ ದೊಡ್ಡ ಪಾಲೂ ಅದರದ್ದೇ. ಹುಟ್ಟಿದ ಎಕ್ಸಿಟಾನ್ ತಕ್ಷಣ ಬೆಳಕಾಗಿ ಹೋದರೆ ತಕರಾರಿಲ್ಲ. ಹೋಗದೆ ಅಲ್ಲೇ ಕೂತರೆ ತೊಂದರೆ ಶುರು.

ಓಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಪದರ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪ. ಒಂದು ಕಡೆಯಿಂದ ಎಲೆಕ್ಟ್ರಾನ್ ಬರುತ್ತದೆ. ಇನ್ನೊಂದು ಕಡೆಯಿಂದ ಹೋಲ್, ಅಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ. ಎರಡೂ ಅಣುವಿನಿಂದ ಅಣುವಿಗೆ ಹಾರುತ್ತಾ ಬಂದು ಒಂದೇ ಅಣುವಿನಲ್ಲಿ ಸಿಕ್ಕರೆ ಅಂಟಿಕೊಳ್ಳುತ್ತವೆ. ಆ ಜೋಡಿಯೇ ಎಕ್ಸಿಟಾನ್. ಎಲೆಕ್ಟ್ರಾನ್ ಹೋಲ್‌ಗೆ ಬಿದ್ದರೆ ಜೋಡಿಯ ಶಕ್ತಿ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಆಗಿ ಹೊರಬರುತ್ತದೆ.

ಗ್ಯಾಲಿಯಂ ಆರ್ಸೆನೈಡ್‌ನಂಥ ಹರಳಿನಲ್ಲೂ ಎಕ್ಸಿಟಾನ್ ಉಂಟು. ಆದರೆ ಅಲ್ಲಿ ಅಂಟು ತೀರಾ ಸಡಿಲ. ಬಿಡಿಸಲು ಸುಮಾರು 4 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಸಾಕು (ಎಲೆಕ್ಟ್ರಾನ್‌ವೋಲ್ಟ್ ಎಂದರೆ ಅಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ, ಮಿಲಿ ಎಂದರೆ ಅದರ ಸಾವಿರದಲ್ಲೊಂದು ಭಾಗ). ಕೋಣೆಯ ಬಿಸಿಯಲ್ಲೇ ಸುಮಾರು 25 ಇರುತ್ತದೆ, ಹಾಗಾಗಿ ಜೋಡಿ ನಿಲ್ಲುವುದಿಲ್ಲ. ಓಎಲ್‌ಇಡಿಯಲ್ಲಿರುವ ಸಾವಯವ, ಅಂದರೆ ಇಂಗಾಲ ಆಧಾರಿತ, ಅಣುಗಳಲ್ಲಿ ಅದನ್ನು ಬಿಡಿಸಲು ಸುಮಾರು ಅರ್ಧ ಎಲೆಕ್ಟ್ರಾನ್‌ವೋಲ್ಟ್ ಬೇಕು. ಬಿಸಿಯ ಇಪ್ಪತ್ತು ಪಟ್ಟು! ಹಾಗಾಗಿ ಜೋಡಿಯ ಶಕ್ತಿಯೆಲ್ಲ ಒಂದೇ ಅಣುವಿನ ತಲೆಯ ಮೇಲೆ ಕೂರುತ್ತದೆ.

ಇನ್ನು ಸ್ಪಿನ್ ವಿಷಯ, ಅಂದರೆ ಪುಟ್ಟ ಆಯಸ್ಕಾಂತದ ಹಾಗೆ ಮೇಲಕ್ಕೋ ಕೆಳಕ್ಕೋ ಮುಖ ಮಾಡುವ, ಕಣಕ್ಕೆ ಸಹಜವಾಗಿಯೇ ಇರುವ ಗುಣ. ಎಲ್ಲ ಕಥೆ ಇರುವುದು ಇಲ್ಲೇ. ಎಲೆಕ್ಟ್ರಾನಿಗೂ ಹೋಲ್‌ಗೂ ಸ್ಪಿನ್ ಇದೆ, ಎರಡನ್ನೂ ಸೇರಿಸಲು ನಾಲ್ಕು ಬಗೆ. ಅದರಲ್ಲಿ ಒಂದು ಸಿಂಗ್ಲೆಟ್, ಉಳಿದ ಮೂರು ಟ್ರಿಪ್ಲೆಟ್. ಸಿಂಗ್ಲೆಟ್ ಕೆಲವೇ ನ್ಯಾನೊಸೆಕೆಂಡಿನಲ್ಲಿ ಬೆಳಕಾಗುತ್ತದೆ. ಟ್ರಿಪ್ಲೆಟ್ ಕೆಳಗಿಳಿಯಬೇಕಾದರೆ ಸ್ಪಿನ್ ತಿರುಗಬೇಕು. ಬರೀ ಇಂಗಾಲ, ಸಾರಜನಕದಂಥ ಹಗುರ ಪರಮಾಣುಗಳಿರುವ ಅಣುವಿನಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ. ಮಿಲಿಸೆಕೆಂಡುಗಟ್ಟಲೆ ಕಾದು, ಕೊನೆಗೆ ಸುಮ್ನೆ ಬಿಸಿಯಾಗಿ ಹೋಗುತ್ತದೆ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ ಎರಡು ಪದರದ ಓಎಲ್‌ಇಡಿ ತೋರಿಸಿದರು. ಆ ಬಗೆಯ ಸಾಧನದಲ್ಲಿ ಬೆಳಕಾಗುತ್ತಿದ್ದುದು ಹೆಚ್ಚುಕಡಿಮೆ ಆ ಕಾಲು ಭಾಗದ ಸಿಂಗ್ಲೆಟ್ ಮಾತ್ರ.

1998ರಲ್ಲಿ ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ತಂಡ ಅಣುವಿನ ನಡುವೆ ಪ್ಲಾಟಿನಂ ಇಟ್ಟಿತು. ಆಮೇಲೆ ಇರಿಡಿಯಂ ಬಂತು. ಇಂಥ ಭಾರದ ಪರಮಾಣುವಿನ ಹತ್ತಿರ ಸ್ಪಿನ್ ತಿರುಗುವುದು ಸಲೀಸು. ಇರಿಡಿಯಂ ಅಣುವಿನಲ್ಲಿ ಟ್ರಿಪ್ಲೆಟ್ ಒಂದೆರಡು ಮೈಕ್ರೊಸೆಕೆಂಡಿನಲ್ಲೇ ಬೆಳಕಾಗುತ್ತದೆ. ಒಳಗೆ ಹುಟ್ಟಿದ ಎಕ್ಸಿಟಾನ್ ಹೆಚ್ಚುಕಡಿಮೆ ಎಲ್ಲವೂ ಉಪಯೋಗಕ್ಕೆ ಬಂತು. ಇವತ್ತಿನ ಫೋನುಗಳ ಕೆಂಪು ಮತ್ತು ಹಸಿರು ಇದೇ ಬಗೆಯವು. (‘ನೂರಕ್ಕೆ ನೂರು’ ಎಂದು ಯಾರಾದರೂ ಹೇಳಿದರೆ ಅದು ಒಳಗಿನ ಲೆಕ್ಕ. ವಿಶೇಷ ಏರ್ಪಾಡು ಮಾಡದಿದ್ದರೆ ಹೊರಗೆ ಬರುವುದು ಶೇಕಡ 20ರಿಂದ 30. ಉಳಿದ ಬೆಳಕು ಪದರ ಮತ್ತು ಗಾಜಿನೊಳಗೇ ಸಿಕ್ಕಿಬೀಳುತ್ತದೆ.)

ಹಾಗಾದರೆ ನೀಲಿಗೂ ಅದನ್ನೇ ಹಾಕಬಹುದಿತ್ತಲ್ಲ? ಅಲ್ಲೇ ಇರುವುದು ಕೊಕ್ಕೆ. ಕೆಂಪು ಫೋಟಾನಿಗೆ ಸುಮಾರು 2 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಾಕು, ನೀಲಿಗೆ ಸುಮಾರು 2.7 ಬೇಕು. ಈ ಅಣುಗಳಲ್ಲಿ ಇಂಗಾಲ ಮತ್ತು ಸಾರಜನಕದ ನಡುವಿನ ಬಂಧ ಮುರಿಯಲು ಬೇಕಾಗುವುದು 3ರ ಆಸುಪಾಸು. ಒಂಟಿ ಎಕ್ಸಿಟಾನ್ ಅಂಚಿನಲ್ಲಿ ನಿಂತಿರುತ್ತದೆ, ಅಷ್ಟೆ. ಆದರೆ ಮೈಕ್ರೊಸೆಕೆಂಡು ಎಂದರೆ ಅಣುಗಳ ಲೋಕದಲ್ಲಿ ದೊಡ್ಡ ಕಾಲ. ಅಷ್ಟರಲ್ಲಿ ಇನ್ನೊಂದು ಟ್ರಿಪ್ಲೆಟ್ ಪಕ್ಕಕ್ಕೆ ಬಂದರೆ ಒಂದು ತನ್ನ ಶಕ್ತಿಯನ್ನೆಲ್ಲ ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. 2.7ಕ್ಕೆ 2.7 ಸೇರಿ 5ರ ಮೇಲೆ! ದಾರಿಹೋಕ ಎಲೆಕ್ಟ್ರಾನಿಗೋ ಹೋಲಿಗೋ ಶಕ್ತಿ ದಾಟಿಸಿದರೂ ಅದೇ ಗತಿ. ಬಂಧ ಪಟ್ಟನೆ ಮುರಿಯುತ್ತದೆ. ಮುರಿದ ಚೂರು ಬೆಳಗುವುದಿಲ್ಲ, ಸಾಲದ್ದಕ್ಕೆ ಸುತ್ತಲಿನ ಎಕ್ಸಿಟಾನುಗಳನ್ನೂ ನುಂಗುತ್ತದೆ.

ಅದಕ್ಕೇ ಬಹುತೇಕ ಪರದೆಗಳು ನೀಲಿಗೆ ಹಳೆಯ ಸಿಂಗ್ಲೆಟ್ ದಾರಿಯನ್ನೇ ಹಿಡಿದಿವೆ, ಒಂದು ಜಾಣತನ ಸೇರಿಸಿಕೊಂಡು. ಪದರಕ್ಕೆ ಆಂಥ್ರಸೀನ್ ಕುಟುಂಬದ ಅಣು ಹಾಕುತ್ತಾರೆ. ಅದರ ಟ್ರಿಪ್ಲೆಟ್ ಶಕ್ತಿ 1.8ರ ಹತ್ತಿರ, ಸಾಕಷ್ಟು ಕೆಳಗೆ. ಅಂಥ ಎರಡು ಕೂಡಿದರೆ ಒಂದು ಸಿಂಗ್ಲೆಟ್ ಹುಟ್ಟಿಸುವಷ್ಟು ಶಕ್ತಿ ಸಿಗುತ್ತದೆ, 5ರವರೆಗೆ ಹೋಗುವುದಿಲ್ಲ. ಬೇರೆ ಕಡೆ ಅಣು ಒಡೆಯುವ ಡಿಕ್ಕಿಯೇ ಇಲ್ಲಿ ಬೆಳಕು ಕೊಡುತ್ತದೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಚಂದ ಅನಿಸುವ ಉಪಾಯ ಇದು. ಆದರೂ ಪೂರ್ತಿ ದಕ್ಷತೆ ಸಿಗುವುದಿಲ್ಲ. ಅಷ್ಟೇ ಹೊಳಪಿಗೆ ನೀಲಿ ಚುಕ್ಕೆಗೆ ಜಾಸ್ತಿ ಕರೆಂಟ್ ಕೊಡಬೇಕು, ಅದು ಬೇಗ ಸವೆಯುತ್ತದೆ. ನೀಲಿ ಕುಗ್ಗಿದರೆ ಉಳಿಯುವುದು ಕೆಂಪು, ಹಸಿರು. ಎರಡೂ ಸೇರಿದರೆ ಹಳದಿ, ನೀವು ಕಂಡಿದ್ದು ಅದೇ. ಹಲವು ಫೋನುಗಳ ಪರದೆಯನ್ನು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿದರೆ ನೀಲಿ ಚುಕ್ಕೆ ಹಸಿರಿಗಿಂತ ದೊಡ್ಡದಿರುತ್ತದೆ. ಎಕ್ಸಿಟಾನುಗಳ ದಟ್ಟಣೆ ತಗ್ಗಿಸಲು ಮಾಡಿದ ಏರ್ಪಾಡು ಅದು.

2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯ ಅಡಾಚಿ ತಂಡ ಇನ್ನೊಂದು ದಾರಿ ತೋರಿಸಿತು. ಅವರ ಅಣುಗಳಲ್ಲಿ ಸಿಂಗ್ಲೆಟ್, ಟ್ರಿಪ್ಲೆಟ್ ನಡುವಿನ ಅಂತರ ತೀರಾ ಸಣ್ಣದು. ಕೋಣೆಯ ಬಿಸಿಯೇ ಟ್ರಿಪ್ಲೆಟ್ಟನ್ನು ಮೇಲಕ್ಕೆ ಹತ್ತಿಸಿ ಸಿಂಗ್ಲೆಟ್ ಮಾಡುತ್ತದೆ, ದುಬಾರಿ ಲೋಹ ಬೇಡ. ಆದರೆ ಹತ್ತಲು ಮತ್ತೆ ಮೈಕ್ರೊಸೆಕೆಂಡುಗಳೇ ಬೇಕು. ಹೊಸ ನೀಲಿ ಅಣುವಿನ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ದಕ್ಷತೆಯ ಅಂಕಿಯನ್ನಲ್ಲ, ಟ್ರಿಪ್ಲೆಟ್ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು.

ಪ್ರಶ್ನೆ: ಪರದೆಗೆ ಕೆಲವು ದಿನ ವಿಶ್ರಾಂತಿ ಕೊಟ್ಟರೆ ಬಣ್ಣ ಮರಳಿ ಬರುತ್ತದೆಯೇ?

ಉತ್ತರ: ಇಲ್ಲ. ಮುರಿದ ಅಣು ತಾನಾಗಿ ಕೂಡಿಕೊಳ್ಳುವುದಿಲ್ಲ. ಕೆಲವು ಸಾಧನಗಳು ಸವೆದ ಚುಕ್ಕೆಗೆ ಕರೆಂಟ್ ಏರಿಸಿ ಸರಿದೂಗಿಸುತ್ತವೆ, ಅಷ್ಟರ ಮಟ್ಟಿಗೆ ಅದು ಇನ್ನೂ ಬೇಗ ಸವೆಯುತ್ತದೆ. ಹೊಳಪು ಇಳಿಸುವುದಂತೂ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎಕ್ಸಿಟಾನುಗಳ ದಟ್ಟಣೆ ಅರ್ಧವಾದರೆ ಅವು ಒಂದಕ್ಕೊಂದು ಸಿಗುವ ಸಂದರ್ಭ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೆಚ್ಚು ಹೊತ್ತು ಒಂದೇ ಜಾಗದಲ್ಲಿ ನಿಲ್ಲುವ ಬಿಳಿ ಪಟ್ಟಿಗಳನ್ನು ಕಪ್ಪು ಮಾಡಿಕೊಳ್ಳಿ.