ರೋಮಿಯೋ ಜೂಲಿಯೆಟ್ ಪರೀಕ್ಷೆಗೆ ನಾಟಕ ತಂತ್ರಗಳ ಪಟ್ಟಿ ಬಾಯಿಪಾಠ ಮಾಡಿದರೆ ಸಾಕಾ? ಯಾವ ತಂತ್ರ ಮೊದಲು ಕಲಿಯಲಿ?

ಸಾಕಾಗಲ್ಲ. ಯಾವುದು ಮೊದಲು ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ.

ನಾನು ಬಳ್ಳಾರಿಯಲ್ಲಿ ಬಿಎ ಕೊನೆಯ ವರ್ಷದಲ್ಲಿದ್ದಾಗ ಮಾಡಿದ್ದು ಇದನ್ನೇ. ಕೌಲ್ ಬಜಾರಿನಲ್ಲಿ ಒಂದು ರೂಮು, ಮೂರು ಜನ. ಜೆರಾಕ್ಸ್ ಅಂಗಡಿಯ ನೋಟ್ಸು ಇತ್ತು. ಪ್ರೊಲಾಗ್ (ನಾಟಕಕ್ಕೆ ಮುಂಚಿನ ಪೀಠಿಕೆ), ಸ್ವಗತ, ಫಾಯಿಲ್ (ಇನ್ನೊಂದು ಪಾತ್ರದ ಗುಣ ಎದ್ದು ಕಾಣೋ ಹಾಗೆ ಮಾಡೋ ವಿರುದ್ಧ ಸ್ವಭಾವದ ಪಾತ್ರ), ಡ್ರಮ್ಯಾಟಿಕ್ ಐರನಿ (ನೋಡುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ ಅನ್ನೋ ಸ್ಥಿತಿ), ಒಂದೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ. ಅಷ್ಟನ್ನೂ ಉರು ಹೊಡೆದೆ, ನಾಟಕ ಮಾತ್ರ ತೆರೆದು ನೋಡಲಿಲ್ಲ.

ಪ್ರಶ್ನೆ ಬಂದದ್ದು ಕೊನೆಯ ಅಂಕದ ಡ್ರಮ್ಯಾಟಿಕ್ ಐರನಿ ಮೇಲೆ. ವ್ಯಾಖ್ಯೆ ಚೆನ್ನಾಗೇ ಬರೆದೆ. ಉದಾಹರಣೆಗೆ, ಜೂಲಿಯೆಟ್ ನಿಜಕ್ಕೂ ಸತ್ತಿಲ್ಲ, ಬಂದು ಕರಕೊಂಡು ಹೋಗು ಅಂತ ಪಾದ್ರಿ ಲಾರೆನ್ಸ್ ಕಳಿಸಿದ ಪತ್ರ ರೋಮಿಯೋಗೆ ಮುಟ್ಟಲಿಲ್ಲ ಅನ್ನೋದನ್ನು ಹಿಡಿದು ನಾಲ್ಕು ಪುಟ ತುಂಬಿಸಿದೆ. ನಾನು ಕೆಟ್ಟಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪತ್ರ ಮುಟ್ಟದೇ ಇದ್ದದ್ದು ಆಕಸ್ಮಿಕ. ಒಯ್ಯಬೇಕಿದ್ದ ಪಾದ್ರಿ ಜಾನ್‌ನನ್ನು ಪ್ಲೇಗ್ ಅನುಮಾನದ ಮೇಲೆ ಒಂದು ಮನೆಯಲ್ಲಿ ಕೂಡಿಹಾಕಿದ್ದರು, ಅಷ್ಟೇ. ಐರನಿ ಹುಟ್ಟೋದು ನಮಗೆ ಗೊತ್ತಿದ್ದು ರೋಮಿಯೋಗೆ ಗೊತ್ತಿಲ್ಲದೇ ಇರೋದರಿಂದ. ಜೂಲಿಯೆಟ್ ಕುಡಿದ ಔಷಧಿ 42 ಗಂಟೆ ಸತ್ತ ಹಾಗೆ ಮಲಗಿಸುತ್ತೆ ಅಂತ ನಾವು ಮೊದಲೇ ಕೇಳಿರುತ್ತೇವೆ. ರೋಮಿಯೋ ಗೋರಿಯೊಳಗೆ ಬಂದು ಅವಳ ಮುಖ ನೋಡುತ್ತಾನೆ, ತುಟಿ ಕೆನ್ನೆ ಇನ್ನೂ ಕೆಂಪಾಗೇ ಇವೆಯಲ್ಲ, ಸಾವು ನಿನ್ನ ಚೆಲುವನ್ನು ಗೆದ್ದಿಲ್ಲ ಅನ್ನುತ್ತಾನೆ. ಜೀವ ಇರೋ ಗುರುತು ಅವನ ಬಾಯಲ್ಲೇ ಬರುತ್ತೆ, ಆದರೂ ಅವನಿಗೆ ಹೊಳೆಯಲ್ಲ. ವಿಷ ಕುಡಿಯುತ್ತಾನೆ. ಓದದೇ ಇದ್ದ ನನಗೆ ಈ ಸಾಲು ಇದೆ ಅನ್ನೋದೇ ಗೊತ್ತಿರಲಿಲ್ಲ. ಆ ಪೇಪರ್ ಹೋಯಿತು, ಆ ವರ್ಷ ಬಿಎಡ್ ಸೇರೋದೂ ತಪ್ಪಿತು.

ಸಿರುಗುಪ್ಪ ಕಡೆ ನಮ್ಮೂರು. ಅಲ್ಲಿ ಕೂತು ಮೊದಲ ಸಲ ನಾಟಕ ಪೂರ್ತಿ ಓದಿದೆ. ಒಂದು ಸಂಜೆ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗೋರಿಯ ದೃಶ್ಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೆನ್ನೆಯ ಮಾತು ಬರುತ್ತಲೇ ಅವಳ ಕೈ ನಿಂತಿತು. "ಕೆನ್ನಿ ಕೆಂಪಗದಾವು ಅಂತ ತಾನೇ ಹೇಳ್ತಾನಲ್ಲೋ, ಮೂಗಿನ ಹತ್ರ ಕೈ ಹಿಡಿದು ನೋಡಬಾರ್ದೇನು?" ಅಂದಳು. ನೋಟ್ಸಿನ ಎರಡು ಸಾಲು ನನಗೆ ಅರ್ಥವಾದದ್ದು ಆಗ.

ಪ್ರೊಲಾಗ್ ಕೂಡ ಹಾಗೇ. ಅದು 14 ಸಾಲಿನ ಸಾನೆಟ್, ಇಬ್ಬರೂ ಸಾಯುತ್ತಾರೆ ಅಂತ ಮೊದಲೇ ಹೇಳಿಬಿಡುತ್ತೆ. ಕಥೆ ಗೊತ್ತಾದ ಮೇಲೆ ನೋಡೋದು ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಬಯಲಾಟದಲ್ಲಿ ಅಭಿಮನ್ಯು ಚಕ್ರವ್ಯೂಹದಿಂದ ವಾಪಸ್ ಬರಲ್ಲ ಅಂತ ಊರಿಗೆಲ್ಲ ಗೊತ್ತು. ಆದರೂ ಕಂಬಳಿ ಹೊದ್ದುಕೊಂಡು ಬೆಳಗಿನ ತನಕ ಕೂರುತ್ತಾರೆ, ಅವನು ಒಳಗೆ ನುಗ್ಗುವಾಗ ಅಳುತ್ತಾರೆ. ಈ ಹೋಲಿಕೆ ಉತ್ತರದಲ್ಲಿ ಧೈರ್ಯವಾಗಿ ಬರೆಯಿರಿ. ಎರಡನೇ ಸಲ ನಾನು ಬರೆದೆ, ಪಾಸಾದೆ.

ನನ್ನ ಪ್ರಕಾರ ಈ ನಾಟಕದಲ್ಲಿ ಎಲ್ಲಕ್ಕಿಂತ ದೊಡ್ಡ ತಂತ್ರ ಆತುರ, ಅದು ನನ್ನ ನೋಟ್ಸಿನಲ್ಲಿ ಇರಲೇ ಇಲ್ಲ. ಶೇಕ್ಸ್‌ಪಿಯರ್ ಕಥೆ ತಗೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಕವನದಿಂದ. ಅಲ್ಲಿ ತಿಂಗಳುಗಟ್ಟಲೆ ನಡೆಯೋದು ಇಲ್ಲಿ ಭಾನುವಾರ ಶುರುವಾಗಿ ಗುರುವಾರ ಬೆಳಗ್ಗೆ ಮುಗಿಯುತ್ತೆ. ಜೂಲಿಯೆಟ್‌ಳ ಅಪ್ಪ ಬೇರೊಬ್ಬನ ಜೊತೆ ಗೊತ್ತು ಮಾಡಿದ್ದ ಅವಳ ಮದುವೆಯನ್ನು ಗುರುವಾರದಿಂದ ಬುಧವಾರಕ್ಕೆ ಎಳೆಯುತ್ತಾನೆ, ಒಂದೇ ಒಂದು ದಿನ. ಅಲ್ಲಿಗೆ ಪಾದ್ರಿ ಹಾಕಿದ ಲೆಕ್ಕಕ್ಕೆ ಬಿಡುವೇ ಉಳಿಯಲ್ಲ.

ಇಂಗ್ಲಿಷ್ ಕಷ್ಟ ಆದರೆ ಪಕ್ಕದಲ್ಲಿ ಕನ್ನಡ ಸಾರಾಂಶ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಇವತ್ತು ರಾತ್ರಿಯೇ ಐದನೇ ಅಂಕ ಜೋರಾಗಿ ಓದಿ. ಕೆನ್ನೆಯ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಆ ಹೊತ್ತಿಗೆ ನಮಗೇನು ಗೊತ್ತು, ಅವನಿಗೇನು ಗೊತ್ತು ಅಂತ ಪಕ್ಕದಲ್ಲೇ ಬರೆಯಿರಿ. ಮನೆಯಲ್ಲಿ ಯಾರಾದರೂ ಎಚ್ಚರ ಇದ್ದರೆ ಅವರಿಗೂ ಹೇಳಿ.